ಫೋಟೊಕ್ಕಾಗಿ ಮುಟ್ಟಿದ ಹೂವು

ದೇಶಕ್ಕೆಲ್ಲ ಹೋಗುವ ಒಂದು ಇಂಗ್ಲಿಷ್ ವ್ಯಾಪಾರ ಪತ್ರಿಕೆಯ ಪಟ್ಟಿಯಲ್ಲಿ ನಮ್ಮ ಕಂಪನಿಯ ಹೆಸರು ಬಂತು. ಆ ವರ್ಷ ನಾನು ಎರಡು ತಿಂಗಳು ಒಂದು ಕಡೆ ಸರಿಯಾಗಿ ಕುಳಿತಿಲ್ಲ. ಉಣ್ಣುವಾಗಲೂ ಕಾಲು ಅಲುಗಾಡುತ್ತಿತ್ತು. ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕಂಪನಿ ಎಂದರೆ ಬೀಜದ ಕಂಪನಿ. ಆಫೀಸು ಕೊಪ್ಪಳದಲ್ಲಿ. ಟೊಮೆಟೊ, ಮೆಣಸಿನಕಾಯಿ, ಕಲ್ಲಂಗಡಿ ಬೀಜ ಮಾಡಿಸುತ್ತದೆ. ಹೊಲ ಮಾತ್ರ ಕಂಪನಿಯದಲ್ಲ, ರೈತರದು. ಕುಷ್ಟಗಿ, ಯಲಬುರ್ಗಾ ಕಡೆ ಹತ್ತು ಗುಂಟೆ, ಹದಿನೈದು ಗುಂಟೆಯ ನೆಟ್‌ಗಳು. ಸೊಳ್ಳೆಪರದೆಯಂಥ ಬಲೆಯನ್ನು ನಾಲ್ಕೂ ಕಡೆ ಮತ್ತು ಮೇಲೆ ಕಟ್ಟಿ ಒಳಗೆ ಗಿಡ ಬೆಳೆಸುತ್ತಾರೆ, ಜೇನುಹುಳ ಕೂಡ ಒಳಗೆ ಹೋಗಬಾರದು ಎಂದು. ನಾನು ಅಲ್ಲಿ ಸೂಪರ್‌ವೈಜರ್. ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಬೈಕಿನ ಮೇಲೆ ನೆಟ್‌ನಿಂದ ನೆಟ್‌ಗೆ ತಿರುಗುವುದು, ಕೆಲಸ ಸರಿಯಾಗಿ ಆಗುತ್ತಿದೆಯೋ ಇಲ್ಲವೋ ನೋಡುವುದು, ಅಷ್ಟೇ.

ಕೆಲಸಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಅದನ್ನು ಮಾಡುವವರು ಹೆಂಗಸರು. ಟೊಮೆಟೊ ಹೂವಿನಲ್ಲಿ ಗಂಡೂ ಹೆಣ್ಣೂ ಒಂದೇ ಕಡೆ ಇರುತ್ತವೆ. ತಾಯಿ ಗಿಡದಲ್ಲಿ ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆ ಹುಡುಕಿ, ಚಿಮಟಿಯಿಂದ ಬಿಡಿಸಿ, ಒಳಗಿನ ಗಂಡು ಭಾಗವನ್ನು ಹಳದಿ ಎಸಳಿನ ಸಮೇತ ಕಿತ್ತು ಹಾಕುತ್ತಾರೆ. ಮರುದಿನ ಬೆಳಿಗ್ಗೆ ತಂದೆ ಗಿಡದ ಹೂವಿನ ಪುಡಿಯನ್ನು ಬೆರಳಿಗೆ ಹಾಕಿಕೊಂಡ ಉಂಗುರದ ಮೇಲಿನ ಸಣ್ಣ ಬಟ್ಟಲಲ್ಲಿ ತುಂಬಿಕೊಂಡು ಬಂದು, ಉಳಿದ ಹೆಣ್ಣು ಭಾಗದ ತುದಿಗೆ ಮುಟ್ಟಿಸುತ್ತಾರೆ. ಮುಟ್ಟಿಸಿದ ಕೂಡಲೇ ಹೂವಿನ ಹಿಂದಿನ ಐದು ಹಸಿರು ಎಸಳುಗಳಲ್ಲಿ ಎರಡನ್ನು ಉಗುರಿನಿಂದ ಚಿವುಟುತ್ತಾರೆ. ಅದೇ ಗುರುತು. ಹಣ್ಣಾದ ಮೇಲೆ ಚಿವುಟಿದ ಗುರುತು ಇದ್ದರೆ ಬೀಜಕ್ಕೆ, ಇಲ್ಲದಿದ್ದರೆ ತಿಪ್ಪೆಗೆ. ಇದರಲ್ಲಿ ತಪ್ಪಾದರೆ ಆ ನೆಟ್‌ನ ಬೀಜವೆಲ್ಲ ಹೋಯಿತು. ಕಂಪನಿ ಬೀಜವನ್ನು ಬಿತ್ತಿ ಸಸಿ ನೋಡುತ್ತದೆ, ಅದೇ ಟೆಸ್ಟ್. ತಾಯಿ ಗಿಡದ ಕಾಂಡ ಹಸಿರು, ತಂದೆ ಗಿಡದ್ದು ನೇರಳೆ. ಕ್ರಾಸ್ ಸರಿಯಾಗಿದ್ದರೆ ಸಸಿಯ ಕಾಂಡ ನೇರಳೆ. ಹಸಿರು ಕಾಂಡದವು ಹೆಚ್ಚು ಕಂಡರೆ ಬೀಜ ವಾಪಸ್, ಮುಂದಿನ ಹಂಗಾಮಿಗೆ ಆ ರೈತರಿಗೆ ಸಸಿ ಇಲ್ಲ.

ಈಗ ಅಕ್ಕನ ಬಗ್ಗೆ ಹೇಳುತ್ತೇನೆ. ನನ್ನ ಒಡಹುಟ್ಟಿದ ಅಕ್ಕ ಅಲ್ಲ, ನಮ್ಮ ರೈತರಲ್ಲಿ ಒಬ್ಬಳು, ನಾನು ಅಕ್ಕ ಎನ್ನುತ್ತಿದ್ದೆ. ಹನ್ನೊಂದು ವರ್ಷ ಬೇರೆಯವರ ನೆಟ್‌ನಲ್ಲಿ ಆಳಾಗಿ ಕ್ರಾಸಿಂಗ್ ಮಾಡಿದವಳು. ಆ ವರ್ಷ ಮೊದಲ ಸಲ ಕುಷ್ಟಗಿ ಯಲಬುರ್ಗಾ ನಡುವಿನ ಅವಳ ಊರಲ್ಲಿ ಅವಳದೇ ಹೆಸರಿನ ನೆಟ್. ಹತ್ತು ಗುಂಟೆ. ಕೈಕೆಳಗೆ ಐದು ಹೆಂಗಸರು. ಹೊಸಬರಿಗೆ ಕಂಪನಿ ಸುಮ್ಮನೆ ತಾಯಿ ಸಸಿ ಕೊಡುವುದಿಲ್ಲ. ಅವಳಿಗೆ ಕೊಡಿಸಿದವನು ನಾನೇ, ಅವಳ ಕೈ ನೋಡಿ. ಟೆಸ್ಟ್ ಪಾಸಾದರೆ ಅವಳು ರೈತಳು, ಫೇಲಾದರೆ ಮತ್ತೆ ಇನ್ನೊಬ್ಬರ ನೆಟ್‌ನಲ್ಲಿ ಆಳು. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಪತ್ರಿಕೆ ವರ್ಷಕ್ಕೊಂದು ಸಲ ಕಂಪನಿಗಳ ಪಟ್ಟಿ ಮಾಡುತ್ತದೆ. ಬೇಗ ಬೆಳೆಯುತ್ತಿರುವ ಸಣ್ಣ ಕಂಪನಿಗಳು ಎಂದು ಒಂದು ಪಟ್ಟಿ. ಅದರಲ್ಲಿ ನಂಬರ್ ಹಾಕುತ್ತಾರೆ, ಆಮೇಲೆ ದೊಡ್ಡ ಊರಿನ ಹೋಟೆಲಿನಲ್ಲಿ ಸಮಾರಂಭ ಮಾಡಿ ಪ್ರಶಸ್ತಿ ಕೊಡುತ್ತಾರೆ. ಕಂಪನಿಯ ಮಾಲಕರು, ನಮ್ಮ ಸಾಹೇಬರು, ಅರ್ಜಿ ತುಂಬಿ ಕಳಿಸಿದ್ದರು. ಗಂಗಾವತಿಯ ಅಕ್ಕಿ ಗಿರಣಿ ಮಾಲಕರೊಬ್ಬರ ಆಫೀಸಿನಲ್ಲಿ ಅಂಥದ್ದೇ ಒಂದು ಪ್ರಶಸ್ತಿಯನ್ನು ಗಾಜು ಹಾಕಿಸಿ ತೂಗುಹಾಕಿದ್ದನ್ನು ನೋಡಿ ಬಂದ ಮೇಲೆ ಅವರಿಗೆ ಅದೇ ಚಿಂತೆ ಹತ್ತಿತ್ತು ಎಂದು ಆಫೀಸಿನವರು ಹೇಳಿದರು. ಪತ್ರಿಕೆಯಿಂದ ಫೋನ್ ಬಂದ ದಿನ ಎಲ್ಲರಿಗೂ ಪೇಡೆ. ಹೊಲಕ್ಕೂ ಒಂದು ಡಬ್ಬಿ ಕೊಟ್ಟು ಕಳಿಸಿದರು.

ನಾನು ಆ ಡಬ್ಬಿಯನ್ನು ಅಕ್ಕನ ನೆಟ್‌ಗೆ ಒಯ್ದೆ. ಹೆಂಗಸರು ಬದುವಿನ ಮೇಲೆ ಬುತ್ತಿ ಬಿಚ್ಚಿದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯಳನ್ನು ದೊಡ್ಡವ್ವ ಎನ್ನುತ್ತಾರೆ. ಬಾಯಲ್ಲಿ ಯಾವಾಗಲೂ ಎಲೆಅಡಿಕೆ. ಅವಳು ಪೇಡೆ ತಿನ್ನುತ್ತಾ ಎಷ್ಟನೇ ನಂಬರ್ ಬಂದಿದೆ ಎಂದು ಕೇಳಿದಳು. ಇನ್ನೂ ಹೇಳಿಲ್ಲ, ಪಟ್ಟಿಯಲ್ಲಿದೆ ಅಷ್ಟೇ ಎಂದೆ.

"ಅವರು ಯಾವಾಗ ಬಂದು ನೋಡಿ ಹೋದ್ರಪ?" ಎಂದಳು.

"ಬಂದಿಲ್ಲ ದೊಡ್ಡವ್ವ. ಕಾಗದ ನೋಡಿ ನಂಬರ್ ಹಾಕ್ತಾರ."

"ಕೈ ನೋಡ್ಲಾರದ ನಂಬರ್ ಹಾಕ್ಯಾರ? ನಮ್ಮಕ್ಕ ನನ್ನ ಜೋಡಿ ಆಳಾಗಿದ್ದಾಗಿಂದ ನನ್ನ ಕೈ ನೋಡಿ ಮೂರು ವರ್ಷ ಆತು, ಇನ್ನೂ ಬೈತಾಳ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ದೊಡ್ಡವ್ವನ ಪೇಡೆ ಮುಗಿದಿದ್ದರೆ ಏಳಲಿ ಎಂದಳು. ಅವಳು ಹಾಗೆ.

ಹತ್ತು ದಿನಕ್ಕೆ ಪತ್ರಿಕೆಯ ಫೋಟೊಗ್ರಾಫರ್ ಬಂದ. ಸಾಹೇಬರು ಹಿಂದಿನ ದಿನವೇ ಫೋನ್ ಮಾಡಿ ಎಲ್ಲಕ್ಕಿಂತ ಚಂದದ ನೆಟ್ ತೋರಿಸು ಎಂದಿದ್ದರು. ಚಂದದ್ದು ಅಕ್ಕನದೇ. ಹೊಸ ಬಲೆ, ಬಿದಿರು ನೇರ, ಸಾಲಿನಲ್ಲಿ ಕಸ ಇಲ್ಲ. ನಾನು ಅವತ್ತು ಹಬ್ಬದ ಅಂಗಿ ಹಾಕಿಕೊಂಡು ಹೋದೆ. ಇದನ್ನು ಮುಚ್ಚಿಡುವುದಿಲ್ಲ. ಪತ್ರಿಕೆಯಲ್ಲಿ ನನ್ನ ಮುಖ ಬರುತ್ತದೆ ಎಂದುಕೊಂಡಿದ್ದೆ.

ಅವನು ಬರುವುದರೊಳಗೆ ಮಧ್ಯಾಹ್ನ ಹನ್ನೆರಡು ದಾಟಿತ್ತು. ಕ್ರಾಸಿಂಗ್ ಬೆಳಗಿನ ಕೆಲಸ, ಮುಗಿದಿತ್ತು. ಪುಡಿಯೂ ಮುಗಿದಿತ್ತು. ಅದನ್ನೆಲ್ಲ ಹಿಂದಿಯಲ್ಲಿ ಹೇಳಿದೆ. ಅವನು ಪರವಾಗಿಲ್ಲ, ಮಾಡಿದ ಹಾಗೆ ಮಾಡಲಿ ಎಂದ. ಎಸಳು ಕಿತ್ತ ಹೂವು ತೋರಿಸಿದರೆ ಇದೇನು ಮುರಿದದ್ದು ಎಂದ. ಅವನಿಗೆ ಪೂರಾ ಅರಳಿದ ಹಳದಿ ಹೂವು ಬೇಕು. ಅಂಥವು ಗಿಡದಲ್ಲಿ ಅಲ್ಲಲ್ಲಿ ಇರುತ್ತವೆ, ಸಂಜೆ ಕಣ್ಣು ತಪ್ಪಿ ಉಳಿದವು. ಅವು ತಮ್ಮಷ್ಟಕ್ಕೆ ತಾವೇ ಕಾಯಿ ಕಟ್ಟುತ್ತವೆ. ಅವನ್ನು ಕಂಡಲ್ಲಿ ಕಿತ್ತೆಸೆಯಬೇಕು, ಯಾವ ಕಾರಣಕ್ಕೂ ಕ್ರಾಸಿಂಗ್ ಮಾಡಬಾರದು ಎಂದು ವಾರಕ್ಕೊಮ್ಮೆ ಹೇಳುವವನು ನಾನು.

ಅಕ್ಕ ನನ್ನ ಮುಖ ನೋಡಿದಳು.

"ಏನಾಗಂಗಿಲ್ಲ ಅಕ್ಕಾ," ಎಂದೆ. "ಸುಮ್ನ ಮುಟ್ಟಿದಂಗ ಮಾಡ್ರಿ. ಪುಡಿನ ಇಲ್ಲಲ್ಲ."

"ಮುಟ್ಟಬ್ಯಾಡ್ರಿ ಅನ್ನಾಂವನೂ ನೀನ, ಮುಟ್ರಿ ಅನ್ನಾಂವನೂ ನೀನ."

ಆದರೂ ಮಾಡಿದಳು. ಸಾಹೇಬರ ಮಾತು ಎಂದು ನಾನು ಹೇಳಿದ್ದೆ. ಉಂಗುರದ ಬಟ್ಟಲು ಖಾಲಿ ಕಾಣುತ್ತದೆ ಎಂದು ಫೋಟೊಗ್ರಾಫರ್ ತಕರಾರು ತೆಗೆದ. ದೊಡ್ಡವ್ವ ಸೊಂಟದ ಸಂಚಿ ಬಿಚ್ಚಿ, ಅದರಲ್ಲಿ ಇಟ್ಟುಕೊಂಡಿದ್ದ ಭಂಡಾರವನ್ನು, ದೇವರ ಅರಿಶಿನದ ಪುಡಿಯನ್ನು, ಎಲ್ಲರ ಉಂಗುರಕ್ಕೂ ಚಿಟಿಕೆ ಚಿಟಿಕೆ ಹಾಕಿದಳು. ಹಳದಿ ಚೆನ್ನಾಗಿ ಕಂಡಿತು. ಅವನು ಖುಷಿಯಾದ. ಆದರೆ ಬಾಯಿ ತುಂಬ ಎಲೆಅಡಿಕೆ ಎಂದು ದೊಡ್ಡವ್ವನನ್ನು ಮಾತ್ರ ಪಕ್ಕಕ್ಕೆ ನಿಲ್ಲಲು ಹೇಳಿದ. ಅವಳಿಗೆ ಸಿಟ್ಟು ಬಂತು. ಭಂಡಾರ ತನ್ನದು, ಫೋಟೊ ಇವರದಾ ಎಂದು ಗೊಣಗುತ್ತಾ ಬಾಗಿಲ ಹತ್ತಿರ ಹೋಗಿ ಕುಳಿತಳು.

ಒಂದು ಗಂಟೆ ನಡೆಯಿತು. ಬೆಳಕು ಸರಿಯಿಲ್ಲ ಎಂದು ಐದೂ ಜನರನ್ನು ಈ ಸಾಲಿನಿಂದ ಆ ಸಾಲಿಗೆ, ಆ ಮೂಲೆಯಿಂದ ಈ ಮೂಲೆಗೆ ನಿಲ್ಲಿಸಿದ. ಮುಟ್ಟಿ, ಇನ್ನೊಮ್ಮೆ ಮುಟ್ಟಿ, ಬೇರೆ ಹೂವು ಮುಟ್ಟಿ, ಕ್ಯಾಮೆರಾ ನೋಡಬೇಡಿ. ಕೊನೆಗೆ ನನ್ನದೂ ಒಂದು ಫೋಟೊ ತೆಗೆದ, ಕೈಯಲ್ಲಿ ಹಸಿರು ಟೊಮೆಟೊ ಕಾಯಿ ಹಿಡಿಸಿ. ಆಮೇಲೆ ಸಾಹೇಬರು ಕಾರಿನಲ್ಲಿ ಬಂದರು. ನೆಟ್‌ನ ಬಾಗಿಲ ಮುಂದೆ ಕೈಕಟ್ಟಿ ನಿಂತರು. ಅವರದು ಐದು ನಿಮಿಷಕ್ಕೆ ಮುಗಿಯಿತು.

ಇಷ್ಟು ಆದ ಮೇಲೆ ನಾವು ಮರೆತೆವು. ನಿಜವಾಗಿ ಮರೆತೆವು. ಕೆಲಸ ಇತ್ತು.

ಸುಮಾರು ಒಂದು ತಿಂಗಳು ಕಳೆದ ಮೇಲೆ ಸಾಹೇಬರು ಕಂಪನಿಯ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಹಾಕಿದರು. ಪತ್ರಿಕೆಯವರು ಮಾದರಿಗೆ ಕಳಿಸಿದ್ದು, ಸಂಚಿಕೆ ಬರಲಿದೆ, ಎಲ್ಲರೂ ನೋಡಿ ಎಂದು. ನಾನು ಯಲಬುರ್ಗಾ ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ತಿನ್ನುತ್ತಿದ್ದೆ. ಫೋಟೊದಲ್ಲಿ ಅಕ್ಕನ ಕೈ ಮಾತ್ರ. ಉಂಗುರ, ಉಂಗುರದಲ್ಲಿ ಭಂಡಾರ, ಮುಂದೆ ಹಳದಿ ಹೂವು. ಚೆನ್ನಾಗಿತ್ತು. ಬೆರಳಿನಿಂದ ಹಿಗ್ಗಿಸಿ ನೋಡಿದೆ. ಪಕ್ಕದಲ್ಲಿ ಇನ್ನೊಂದು ಹೂವು, ಅದೂ ಪೂರಾ ಅರಳಿದ್ದು. ಅದರ ಹಿಂದಿನ ಹಸಿರು ಎಸಳು ಮೂರೇ ಇದ್ದವು.

ಮಿರ್ಚಿ ಕೈಯಲ್ಲೇ ಉಳಿಯಿತು.

ಆ ಹೆಂಗಸರು ದಿನಕ್ಕೆ ಸಾವಿರ ಸಲ ಮಾಡುವ ಕೆಲಸ ಅದು. ಮುಟ್ಟು, ಚಿವುಟು. ಮುಟ್ಟು, ಚಿವುಟು. ಮುಟ್ಟಿದ ಮೇಲೆ ಚಿವುಟುವುದು ಅವರ ತಲೆಗೆ ಗೊತ್ತಿಲ್ಲ, ಉಗುರಿಗೆ ಗೊತ್ತು. ಫೋಟೊಕ್ಕಾಗಿ ಸುಳ್ಳು ಸುಳ್ಳೇ ಮುಟ್ಟಿದ ಹೂವುಗಳನ್ನೂ ಅವರು ಚಿವುಟಿದ್ದರು. ಯಾರೂ ನೋಡಲಿಲ್ಲ. ನೋಡುವ ಕೆಲಸ ನನ್ನದು, ನಾನು ತಲೆ ಬಾಚಿಕೊಳ್ಳುತ್ತಿದ್ದೆ. ಈಗ ಆ ಹೂವುಗಳೆಲ್ಲ ಕಾಯಿ. ತಮ್ಮದೇ ಪುಡಿಯಿಂದ ಕಟ್ಟಿದ ಕಾಯಿ, ಮೇಲೆ ಕ್ರಾಸಿಂಗ್ ಆದ ಗುರುತು. ಹಣ್ಣಾದರೆ ಅಸಲಿ ಹಣ್ಣಿನ ಜೊತೆ ಕೂಡುತ್ತವೆ, ಬೀಜ ಒಂದಾಗುತ್ತದೆ, ಟೆಸ್ಟಿನಲ್ಲಿ ಹಸಿರು ಕಾಂಡ ಏಳುತ್ತದೆ. ಮೊದಲ ವಾರದಲ್ಲೇ ಗೊತ್ತಾಗಿದ್ದರೆ ಆರಿಸಬಹುದಿತ್ತು, ಅಂಥ ಕಾಯಿಯ ತುದಿಗೆ ಒಣಗಿದ ಹೂವು ಅಂಟಿಕೊಂಡಿರುತ್ತದೆ. ಒಂದು ತಿಂಗಳಾದ ಮೇಲೆ ಎಲ್ಲ ಕಾಯಿಯೂ ಒಂದೇ.

ಬೈಕ್ ತೆಗೆದುಕೊಂಡು ನೇರ ನೆಟ್‌ಗೆ ಹೋದೆ. ಅಕ್ಕ ಒಳಗಿದ್ದಳು. ನಾನು ಸಾಲು ಸಾಲು ತಿರುಗಿದೆ, ಕಾಯಿ ಎತ್ತಿ ಎತ್ತಿ ನೋಡಿದೆ. ಏನು ಹುಡುಕುತ್ತೀ ಎಂದು ಕೇಳಿದಳು. ಹುಳ ಎಂದೆ. ಹುಳ ಇಲ್ಲ ಎಂದಳು. ಹೌದು, ಇಲ್ಲ ಎಂದು ಹೊರಗೆ ಬಂದೆ.

ಯಾಕೆ ಹೇಳಲಿಲ್ಲ ಎಂದರೆ, ಕಂಪನಿಯ ನಿಯಮ ಹಾಗಿದೆ. ಕಲಬೆರಕೆಯ ಅನುಮಾನ ಬಂದರೆ ಸೂಪರ್‌ವೈಜರ್ ಆಫೀಸಿಗೆ ತಿಳಿಸಬೇಕು. ತಿಳಿಸಿದರೆ ಆ ನೆಟ್ ಪೂರಾ ಕ್ಯಾನ್ಸಲ್. ಟೆಸ್ಟೂ ಇಲ್ಲ, ಏನೂ ಇಲ್ಲ. ತಿಳಿಸದಿದ್ದರೆ ಟೆಸ್ಟಿನಲ್ಲಿ ಫೇಲ್. ಎರಡು ಕಡೆಯೂ ಅಕ್ಕನಿಗೇ ಹೊಡೆತ. ನನ್ನ ನೌಕರಿಯ ಚಿಂತೆಯೂ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ.

ಮೂರನೇ ದಾರಿ ಒಂದು ಹೊಳೆಯಿತು. ಫೋಟೊಗಳು. ಅವನು ತೆಗೆದ ಎಲ್ಲ ಫೋಟೊ ಸಿಕ್ಕರೆ ಯಾರು ಯಾವ ಗಿಡದ ಮುಂದೆ ನಿಂತಿದ್ದರು ಎಂದು ಗೊತ್ತಾಗುತ್ತದೆ. ಆಫೀಸಿನಿಂದ ಅವನ ನಂಬರ್ ಇಸಿದುಕೊಂಡು ಫೋನ್ ಮಾಡಿದೆ. ಎತ್ತಲಿಲ್ಲ. ಹಿಂದಿಯಲ್ಲಿ ಮಾತಾಡಿ ಧ್ವನಿ ಕಳಿಸಿದೆ. ಎರಡು ದಿನ ಬಿಟ್ಟು ಹೆಬ್ಬೆಟ್ಟಿನ ಚಿತ್ರ ಕಳಿಸಿದ. ಅದರರ್ಥ ಕಳಿಸುತ್ತೇನೆ ಎಂದೋ, ನೋಡಿದೆ ಎಂದೋ. ಮತ್ತೆ ಫೋನ್ ಮಾಡಿದೆ. ಫೋಟೊ ಎಲ್ಲ ಪತ್ರಿಕೆಗೆ ಕೊಟ್ಟಾಯಿತು, ಸಂಚಿಕೆ ನೋಡಿಕೋ ಎಂದ.

ಆ ದಿನಗಳಲ್ಲಿ ನಾನು ಮಾಡಿದ್ದು ಎರಡೇ ಕೆಲಸ. ಬೆಳಿಗ್ಗೆ ಅಕ್ಕನ ನೆಟ್‌ಗೆ ಹೋಗಿ ಕಾಯಿ ಎಷ್ಟು ದಪ್ಪ ಆಗಿದೆ ನೋಡುವುದು. ಮಧ್ಯಾಹ್ನ ಕೊಪ್ಪಳ ರೈಲ್ವೆ ಸ್ಟೇಷನ್ನಿನ ಹತ್ತಿರದ ಪುಸ್ತಕದ ಅಂಗಡಿಗೆ ಹೋಗಿ ಪತ್ರಿಕೆ ಬಂತಾ ಎಂದು ಕೇಳುವುದು. ಅಂಗಡಿಯವನು ನನ್ನ ಚಪ್ಪಲಿ ನೋಡಿ, ಅದು ಇಂಗ್ಲಿಷ್ ಪತ್ರಿಕೆ, ಗೊತ್ತಲ್ಲ ಎಂದ. ಗೊತ್ತು, ಬರುತ್ತದಾ ಇಲ್ಲವಾ ಹೇಳು ಎಂದೆ. ಬೇರೆ ನೆಟ್‌ಗಳಿಗೆ ಹೋಗದೆ ನಾಲ್ಕು ಕಡೆಯಿಂದ ಬೈಸಿಕೊಂಡೆ. ಕಾಯಿ ಮಾತ್ರ ನನ್ನನ್ನು ಕಾಯಲಿಲ್ಲ. ಕೆಳಗಿನ ಗೊಂಚಲು ಕೆಂಪಾಗತೊಡಗಿತು. ಫೋಟೊದ ವಾರ ಹೂಬಿಟ್ಟದ್ದು ಕೆಳಗಿನಿಂದ ಮೂರನೇ ಗೊಂಚಲು. ಅದಕ್ಕೆ ಇನ್ನು ಎರಡು ವಾರವೂ ಇರಲಿಲ್ಲ.

ಸಂಚಿಕೆ ಕೊನೆಗೆ ಆಫೀಸಿಗೇ ಬಂತು. ಸಾಹೇಬರು ಕಟ್ಟುಗಟ್ಟಲೆ ತರಿಸಿದ್ದರು. ನನಗೂ ಒಂದು ಕೊಟ್ಟರು. ದಪ್ಪ ಕಾಗದ, ನುಣುಪು. ನಿಂತಲ್ಲೇ ತಿರುವಿದೆ. ಪಟ್ಟಿ ನಾಲ್ಕೈದು ಪುಟ, ಸಣ್ಣ ಅಕ್ಷರ, ಪ್ರತಿ ಕಂಪನಿಯ ಮುಂದೆ ಅಂಕಿ, ಅಂಕಿಯ ಮುಂದೆ ಅಂಕಿ. ಎಷ್ಟು ಬೆಳೆಯಿತು ಎನ್ನುವುದಕ್ಕೆ ಒಂದು ಕಾಲಂ, ಎಷ್ಟು ಜನ ಇದ್ದಾರೆ ಎನ್ನುವುದಕ್ಕೆ ಒಂದು ಕಾಲಂ ಎಂದು ಆಫೀಸಿನ ಹುಡುಗಿ ಓದಿ ಹೇಳಿದಳು. ಜನರ ಕಾಲಂನಲ್ಲಿ ನಮ್ಮ ಕಂಪನಿಗೆ ಆಫೀಸಿನವರಷ್ಟೇ ಲೆಕ್ಕ. ಕ್ರಾಸಿಂಗ್ ಮಾಡುವವರು ಅದರಲ್ಲಿ ಇಲ್ಲ. ಒಂದು ಪುಟದಲ್ಲಿ ಸಾಹೇಬರ ಫೋಟೊ, ಕೈಕಟ್ಟಿ ನಿಂತದ್ದು. ಹಿಂದೆ ಬಲೆ, ಮಸುಕು ಮಸುಕು. ಅಷ್ಟೇ. ಅಕ್ಕ ಇಲ್ಲ, ಅಕ್ಕನ ಕೈಯೂ ಇಲ್ಲ, ನಾಲ್ಕು ಹೆಂಗಸರಿಲ್ಲ, ನಾನಿಲ್ಲ. ಒಂದು ಗಂಟೆ ಮುಟ್ಟಿಸಿ ಮುಟ್ಟಿಸಿ ತೆಗೆದದ್ದು ಎಲ್ಲಿ ಹೋಯಿತೋ.

ನನ್ನ ಮುಖ ಇಲ್ಲದ್ದು ಆಗ ನೆನಪಿಗೇ ಬರಲಿಲ್ಲ. ದಾರಿ ಮುಚ್ಚಿತು ಎನ್ನುವುದೊಂದೇ ತಲೆಯಲ್ಲಿತ್ತು.

ಅವತ್ತೇ ಅಕ್ಕನಿಗೆ ಹೇಳಿದೆ. ನೆಟ್‌ನ ಹೊರಗೆ ನೀರಿನ ಟಾಕಿಯ ಹತ್ತಿರ ನಿಲ್ಲಿಸಿ, ಫೋನಿನಲ್ಲಿ ಆ ಚಿತ್ರ ತೋರಿಸಿ, ಪೂರಾ ಹೇಳಿದೆ. ಅವಳು ಚಿತ್ರವನ್ನು ಬಹಳ ಹೊತ್ತು ನೋಡಿದಳು. ತನ್ನ ಹೆಬ್ಬೆರಳ ಉಗುರನ್ನು ನೋಡಿಕೊಂಡಳು.

"ಎಷ್ಟು ದಿನ ಆತು ನಿನಗ ಗೊತ್ತಾಗಿ?"

"ಹನ್ನೊಂದು."

"ಹನ್ನೊಂದು ದಿನ ಹುಳ ಹುಡಿಕ್ಯಾಡಿದಿ?"

 ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಒಳಗೆ ಹೋಗಿ ಎಲ್ಲರನ್ನೂ ಕರೆದಳು. ನಾನು ಹಿಂದೆ ಹೋದೆ. ನಾಲ್ಕು ಹೆಂಗಸರೂ ಮೊದಲು ಇಲ್ಲವೇ ಇಲ್ಲ, ನಾವು ಚಿವುಟಿಲ್ಲ ಎಂದರು. ಚಿತ್ರ ತೋರಿಸಿದಳು.  ಒಬ್ಬಳು ಅಳಲು ಶುರು ಮಾಡಿದಳು. ಯಾವ ಸಾಲಿನಲ್ಲಿ ನಿಂತಿದ್ದಿರಿ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸಿದರು. ಒಬ್ಬರ ಮಾತು ಒಬ್ಬರಿಗೆ ಕೂಡಲಿಲ್ಲ. ಮೂರನೇ ಗೊಂಚಲನ್ನು ಇಡೀ ನೆಟ್‌ನಲ್ಲಿ ಕಿತ್ತು ಹಾಕಿದರೆ ಹೇಗೆ ಎಂದೆ. ಉಳಿಯುವುದು ಏನು, ಅದು ಕಿತ್ತರೂ ಒಂದೇ ಕ್ಯಾನ್ಸಲ್ ಮಾಡಿದರೂ ಒಂದೇ ಎಂದು ಅಕ್ಕ ಹೇಳಿದಳು.

ಅವತ್ತು ಫೋಟೊದಿಂದ ಪಕ್ಕಕ್ಕೆ ಸರಿಸಿಕೊಂಡಿದ್ದ ದೊಡ್ಡವ್ವ ಇಷ್ಟು ಹೊತ್ತು ತನ್ನ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಗೊಂಚಲು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅಲ್ಲಿಂದಲೇ ಕೂಗಿದಳು.

"ಏ, ಇದು ನನ್ನ ಚಿವುಟಲ್ಲ. ಯಾರದಿದು ಬಂದು ನೋಡ್ರಿ."

ಹೋಗಿ ನೋಡಿದೆವು. ನನಗೆ ಏನೂ ಗೊತ್ತಾಗಲಿಲ್ಲ. ಎರಡು ಎಸಳಿಲ್ಲ, ಮೂರಿವೆ, ಅಷ್ಟೇ. ದೊಡ್ಡವ್ವ ನನಗೆ ಕುರುಡ ಎಂದಳು. ತನ್ನದು ಯಾವಾಗಲೂ ಒಂದು ಬಿಟ್ಟು ಒಂದು ಎಸಳು, ಬುಡಕ್ಕೆ ಚಿವುಟುತ್ತಾಳಂತೆ. ಇದು ಒತ್ತಿಗೊತ್ತಿ ಎರಡು, ಓರೆಯಾಗಿ, ಅರ್ಧ ಉಳಿಸಿ ಚಿವುಟಿದ್ದು. ಅಳುತ್ತಿದ್ದವಳು ಮುಖ ಒರೆಸಿಕೊಂಡು ಬಗ್ಗಿ ನೋಡಿ, ಅದು ತನ್ನದು ಎಂದಳು.

ನಾಲ್ಕು ವರ್ಷ ನಾನು ಈ ಕೆಲಸ ನೋಡುತ್ತಿದ್ದೆ, ಇದು ಗೊತ್ತಿರಲಿಲ್ಲ. ನೆಟ್‌ನಲ್ಲಿ ಒಬ್ಬೊಬ್ಬರಿಗೆ ನಾಲ್ಕು ಸಾಲು. ಮೊದಲ ದಿನ ಹಿಡಿದ ಸಾಲನ್ನು ಕೊನೆಯವರೆಗೆ ಅವರೇ ನೋಡುತ್ತಾರೆ, ಒಬ್ಬರ ಸಾಲಿಗೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಹಾಕಿದರೆ ಜಗಳ. ನನಗೆ ಅದು ಹೆಂಗಸರ ಹಟ ಎಂದು ಕಂಡಿತ್ತು. ಈಗ ಅದೇ ಕೆಲಸಕ್ಕೆ ಬಂತು. ಫೋಟೊದವನು ಆ ನಾಲ್ವರನ್ನೂ ಇನ್ನೊಬ್ಬರ ಸಾಲಿನಲ್ಲೇ ನಿಲ್ಲಿಸಿದ್ದ, ತಮ್ಮ ಸಾಲಿನಲ್ಲಿ ನಿಲ್ಲಲಿಲ್ಲ ಎನ್ನುವುದು ಮಾತ್ರ ನಾಲ್ವರಿಗೂ ಖಾತ್ರಿ ಇತ್ತು. ಅಂದರೆ ಒಬ್ಬಳ ಸಾಲಿನಲ್ಲಿ ಇನ್ನೊಬ್ಬಳ ಚಿವುಟು ಕಂಡರೆ ಅದು ಫೋಟೊದ ಕಾಯಿ. ಬೇರೆ ಯಾವುದೂ ಆಗಲು ಸಾಧ್ಯವಿಲ್ಲ.

ಮರುದಿನ ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ನಡೆಯಿತು. ಪ್ರತಿಯೊಬ್ಬಳೂ ತನ್ನ ನಾಲ್ಕು ಸಾಲು ಹಿಡಿದು, ಮೂರನೇ ಗೊಂಚಲಿನ ಪ್ರತಿ ಕಾಯಿಯನ್ನೂ ಎತ್ತಿ ನೋಡಿ, ತನ್ನದಲ್ಲದ್ದನ್ನು ತಿರುಚಿ ಕೆಳಗೆ ಹಾಕಿದಳು. ಹಾಕುವಾಗ ಯಾರದೆಂದೂ ಕೂಗುತ್ತಿದ್ದಳು. ನಿನ್ನ ಉಗುರೋ ಕತ್ತಿಯೋ, ನಿನ್ನ ಚಿವುಟು ಇಲಿ ಕಡಿದಂಗ ಐತಿ, ಹೀಗೆ. ಅಷ್ಟು ಭಯದಲ್ಲೂ ನಕ್ಕರು. ನಾನು ಬುಟ್ಟಿ ಹಿಡಿದು ಹಿಂದೆ ಹಿಂದೆ ಹೋಗಿ ಬಿದ್ದದ್ದನ್ನು ಆರಿಸಿದೆ. ಒಂದು ಉಳಿದರೂ ಕೆಟ್ಟಿತು ಎಂದು ಪ್ರತಿ ಸಾಲಿಗೂ ನಾನು ಎರಡನೇ ಸಲ ಹೋಗುತ್ತಿದ್ದೆ. ಅವರಿಗೆ ರೇಜಿಗೆಯಾಯಿತು.

ಅಕ್ಕನ ಸಾಲಿಗೆ ಬಂದಾಗ ಕೆಲಸ ನಿಂತಿತು. ಬೇರೆಯವರ ಚಿವುಟು ಅವಳ ಸಾಲಿನಲ್ಲಿ ಇದ್ದವು, ಕಿತ್ತಳು. ಆದರೆ ಫೋಟೊದವನು ಅವಳನ್ನು ಅವಳ ಸಾಲಿನಲ್ಲೇ ಬಹಳ ಹೊತ್ತು ನಿಲ್ಲಿಸಿದ್ದ, ಕೈಯ ಫೋಟೊಕ್ಕಾಗಿ. ಅವಳ ಸಾಲಿನಲ್ಲಿ ಅವಳದೇ ಚಿವುಟು. ಬೆಳಗಿನ ನಿಜವಾದ ಕ್ರಾಸಿಂಗಿನದೂ ಅದೇ, ಮಧ್ಯಾಹ್ನದ ಸುಳ್ಳಿನದೂ ಅದೇ.

ಅವಳು ಒಂದು ಗೊಂಚಲು ಹಿಡಿದು ನಿಂತಳು. ಐದು ಕಾಯಿ. ಬಣ್ಣ ತಿರುಗುತ್ತಿತ್ತು.

"ಉಳದೋರ್ದೆಲ್ಲ ಗೊತ್ತಾತು," ಎಂದಳು. "ನಂದು ನನಗ ಗೊತ್ತಾಗವಲ್ದು."

ಸ್ವಲ್ಪ ಇರಲಿ ಬಿಡಿ, ನಾಲ್ಕು ಸಾಲಿನಲ್ಲಿ ಎಷ್ಟಿದ್ದಾವು ಎಂದು ನಾನು ಹೇಳಿದೆ. ಹೇಳಬಾರದಿತ್ತು. ಅವಳು ನನ್ನ ಕಡೆ ನೋಡಲೂ ಇಲ್ಲ. ಐದನ್ನೂ ತಿರುಚಿ ಬುಟ್ಟಿಗೆ ಹಾಕಿದಳು. ಮುಂದಿನ ಗಿಡಕ್ಕೆ ಹೋದಳು. ನಾಲ್ಕು ಸಾಲಿನ ಮೂರನೇ ಗೊಂಚಲು ಪೂರಾ ಅವಳೇ ಕಿತ್ತಳು, ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ.  

ಆ ಕಾಯಿಗಳನ್ನು ತಿಪ್ಪೆಗೆ ಹಾಕಲು ನನಗೆ ಕೊಟ್ಟರು. ನಾನು ಸ್ವಲ್ಪ ಮನೆಗೆ ಒಯ್ದು ಹುಲ್ಲಿನಲ್ಲಿ ಮುಚ್ಚಿ ಹಣ್ಣು ಮಾಡಿ, ಬೀಜ ತೆಗೆದು, ಎರಡು ಟ್ರೇಗಳಲ್ಲಿ ಹಾಕಿದೆ. ಒಂದರಲ್ಲಿ ನಾಲ್ಕು ಹೆಂಗಸರ ಚಿವುಟಿನದು, ಇನ್ನೊಂದರಲ್ಲಿ ಅಕ್ಕನ ಸಾಲಿನದು. ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ. ಮೊಳಕೆ ಬಂದವು. ಮೊದಲ ಟ್ರೇಯಲ್ಲಿ ಎಲ್ಲವೂ ಹಸಿರು ಕಾಂಡ. ಹೆಂಗಸರು ಒಂದೂ ತಪ್ಪು ಹೇಳಿರಲಿಲ್ಲ. ಅಕ್ಕನ ಟ್ರೇಯಲ್ಲಿ ಅಲ್ಲೊಂದು ಇಲ್ಲೊಂದು ಹಸಿರು, ಉಳಿದವೆಲ್ಲ ನೇರಳೆ. ಅವಳು ಕಿತ್ತೆಸೆದದ್ದರಲ್ಲಿ ಬಹುಪಾಲು ಒಳ್ಳೆಯದೇ ಇತ್ತು. ಆ ಟ್ರೇಯನ್ನು ತಿಪ್ಪೆಗೆ ಬೋರಲು ಹಾಕಿದೆ. ಅವಳಿಗೆ ಹೇಳಲಿಲ್ಲ.

ಹಣ್ಣು ಕೊಯ್ದರು, ಬೀಜ ತೆಗೆದರು, ಒಣಗಿಸಿ ಚೀಲ ಕಟ್ಟಿ ಕೊಪ್ಪಳಕ್ಕೆ ಕೊಟ್ಟರು. ಚೀಲದ ಮೇಲೆ ಅಕ್ಕನ ಹೆಸರು. ಟೆಸ್ಟಿಗೆ ಬಿತ್ತಿದರು. ಅಷ್ಟರಲ್ಲಿ ಸಾಹೇಬರು ವಿಮಾನದಲ್ಲಿ ಹೋಗಿ ಪ್ರಶಸ್ತಿ ತೆಗೆದುಕೊಂಡು ಬಂದರು. ಗಾಜಿನದು, ಭಾರ ಇದೆ. ಆಫೀಸಿಗೆ ಬಂದ ರೈತರಿಗೆಲ್ಲ ಕೈಗೆ ಕೊಟ್ಟು ತೋರಿಸುತ್ತಿದ್ದರು. ನನ್ನ ಕೈಗೂ ಕೊಟ್ಟರು. ಎಲ್ಲಿ ಬೀಳಿಸುತ್ತೇನೋ ಎಂದು ಬೇಗ ವಾಪಸ್ ಕೊಟ್ಟೆ. ನನ್ನ ಕಣ್ಣು ಆಫೀಸಿನ ಹಿಂದಿನ ಟೆಸ್ಟ್ ಮಡಿಯ ಕಡೆ ಇತ್ತು. ಅಲ್ಲಿಗೆ ಸೂಪರ್‌ವೈಜರ್‌ಗಳನ್ನು ಬಿಡುವುದಿಲ್ಲ. ಕಂಪೌಂಡಿನ ಸಂದಿಯಿಂದ ಇಣುಕಿ ಕಾವಲುಗಾರನಿಂದ ಎರಡು ಸಲ ಬೈಸಿಕೊಂಡೆ.

ಫಲಿತಾಂಶದ ಪಟ್ಟಿಯನ್ನು ಗೋಡೆಗೆ ಅಂಟಿಸಿದ ದಿನ ನಾನು ಕೊಪ್ಪಳದಲ್ಲೇ ಇದ್ದೆ. ಅಕ್ಕನ ಹೆಸರಿನ ಮುಂದೆ ಪಾಸ್. ಬೆರಳಿಟ್ಟು ಮತ್ತೆ ಓದಿದೆ. ಸಾಲು ತಪ್ಪಿ ಓದಿದೆನೋ ಎಂದು ಇನ್ನೊಬ್ಬನಿಂದ ಓದಿಸಿದೆ. ಪಾಸೇ.

ಆಗ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ನೇರ ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಫೋಟೊ, ಚಿವುಟು, ಹನ್ನೊಂದು ದಿನ, ಆಫೀಸಿಗೆ ತಿಳಿಸದೆ ಇದ್ದದ್ದು. ನೌಕರಿ ತೆಗೆಯುವುದಾದರೆ ತೆಗೆಯಿರಿ, ಆ ಹೆಂಗಸಿನ ತಪ್ಪಿಲ್ಲ ಎಂದೆ.

ಸಾಹೇಬರು ಕನ್ನಡಕ ತೆಗೆದರು.

"ಈಗ ಹೇಳಾಕ್ಹತ್ತಿಯಲ್ಲ. ಆಕಿ ಅವಾಗ ಹೇಳಿ ಹೋಗ್ಯಾಳ."

 ಅವರೇ ಹೇಳಿದರು. ಕಾಯಿ ಕಿತ್ತ ಮರುದಿನವೇ ಅಕ್ಕ ಬಸ್ಸು ಹತ್ತಿ ಕೊಪ್ಪಳಕ್ಕೆ ಬಂದಿದ್ದಳಂತೆ. ಚೀಲದಿಂದ ಒಂದಿಷ್ಟು ಕಾಯಿ ತೆಗೆದು ಮೇಜಿನ ಮೇಲೆ, ಆ ಪತ್ರಿಕೆಯ ಮೇಲೆಯೇ ಇಟ್ಟಳಂತೆ. ಫೋಟೊ ನಿಮ್ಮದು, ಮುಟ್ಟಿಸಿದವರು ನಿಮ್ಮವರು, ಹೂವು ನನ್ನದು, ಕಿತ್ತದ್ದೂ ನಾನೇ. ಇನ್ನು ಕ್ಯಾನ್ಸಲ್ ಮಾಡುವುದಾದರೆ ಈಗಲೇ ಮಾಡಿ, ಇಲ್ಲದಿದ್ದರೆ ಟೆಸ್ಟ್ ಮಾಡಿ ಆಮೇಲೆ ಮಾತಾಡಿ ಎಂದಳಂತೆ. ಸಾಹೇಬರು ಟೆಸ್ಟ್ ಎಂದರಂತೆ. ಫೇಲಾದರೆ ತಾನು ಬಾಯಿ ತೆರೆಯುವುದಿಲ್ಲ ಎಂದೂ ಹೇಳಿ ಹೋದಳಂತೆ. ಕಿತ್ತ ನಾಲ್ಕು ಸಾಲಿಗೆ ಮುಂದಿನ ಹಂಗಾಮಿನಲ್ಲಿ ಹೆಚ್ಚಿಗೆ ಸಸಿ ಕೊಡಬೇಕೆಂದು ಕಾಗದದ ಮೇಲೆ ಬರೆಸಿಕೊಂಡಿದ್ದಳು. ಅದರ ಮೇಲೆ ಸಾಹೇಬರ ಸಹಿ.

ಸಾಹೇಬರು ನನ್ನ ನೌಕರಿ ತೆಗೆಯಲಿಲ್ಲ. ಮುಂದಿನ ಸಲ ಇಂಥದ್ದನ್ನು ಹೊಲದಿಂದ ಬಂದ ಹೆಂಗಸಿನ ಬಾಯಲ್ಲಿ ಕೇಳಿಸಬೇಡ ಎಂದರು. ಆ ಮಾತು ನೌಕರಿ ತೆಗೆದದ್ದಕ್ಕಿಂತ ಹೆಚ್ಚು ಚುಚ್ಚಿತು.

ಅಲ್ಲಿಂದ ಅಕ್ಕನ ಊರಿಗೆ ಬೈಕನ್ನು ಹೇಗೆ ಓಡಿಸಿದೆನೋ. ಅವಳು ಹಳೇ ಗಿಡ ಕಿತ್ತು ಬಲೆಯ ಹರಿದ ಕಡೆ ಹೊಲಿಯುತ್ತಿದ್ದಳು. ಪಾಸ್ ಎಂದೆ. ಗೊತ್ತಾಯಿತು, ಆಫೀಸಿನ ಹುಡುಗಿ ಫೋನ್ ಮಾಡಿದ್ದಳು ಎಂದಳು. ಸೂಜಿ ನಿಲ್ಲಲಿಲ್ಲ. ನಾನು ಸುತ್ತಿ ಬಳಸದೆ ಕೇಳಿದೆ, ಸಾಹೇಬರಿಗೆ ಹೇಳಿದ್ದನ್ನು ನನಗೆ ಯಾಕೆ ಹೇಳಲಿಲ್ಲ ಎಂದು. ಇಷ್ಟು ದಿನ ಅನ್ನ ಸೇರದೆ ತಿರುಗಿದ್ದೇನೆ ಎಂದು.

"ಹೇಳಿದ್ರ ನೀ ದಿನಾ ಬರ್ತಿದ್ದೇನು?" ಎಂದಳು. "ಬೀಜ ಚೀಲಕ್ಕ ಹಾಕೂತನ ಒಂದೊಂದು ಹಣ್ಣು ತಿರುವಿ ತಿರುವಿ ನೋಡಿದಿ. ನನಗ ಅಂಥ ಒಬ್ಬಾಂವ ಬೇಕಾಗಿದ್ದ."

ನನಗೆ ಸಿಟ್ಟು ಬಂತು. ಸಿಟ್ಟು ಮಾಡಲು ಏನೂ ಉಳಿದಿರಲಿಲ್ಲ. ಅವಳು ಬಲೆಯ ಇನ್ನೊಂದು ತುದಿ ತೋರಿಸಿ, ಜಗ್ಗಿ ಹಿಡಿ ಎಂದಳು. ಹಿಡಿದೆ.